ನೆಲ ಒಣಗುವವರೆಗೆ ಯಾರೂ ಬರಬೇಡಿ

ಮಣ್ಣಿನ ನೆಲ ಹಾಕುವುದು ಕಷ್ಟವಲ್ಲ. ಹಾಕಿದ ಮೇಲೆ ಅದರಿಂದ ಜನರನ್ನು ದೂರ ಇಡುವುದು ಕಷ್ಟ.

ಚಿತ್ರದುರ್ಗದಿಂದ ಹೊಳಲ್ಕೆರೆ ಕಡೆ ಹೋಗುವ ರಸ್ತೆಯಲ್ಲಿ ನಮ್ಮ ಮಣ್ಣಿನ ಮನೆಯ ಗೋಡೆ ಎದ್ದಾಗ, ನೆಲಕ್ಕೂ ಮಣ್ಣೇ ಸಾಕು ಅಂತ ತೀರ್ಮಾನಿಸಿದೆವು. ಟೈಲ್ಸ್‌ಗೆ ದುಡ್ಡು ಸಾಲಲಿಲ್ಲ ಅಂತ ಊರು ತೀರ್ಮಾನಿಸಿತು. ದೂರದ ಸಂಬಂಧಿಕರೊಬ್ಬರು ಗುಟ್ಟಾಗಿ ಸಾಲ ಕೊಡಲು ಮುಂದಾದರು. ಬೇಡ ಅಂದಿದ್ದಕ್ಕೆ, "ಪಾಪ, ಸ್ವಾಭಿಮಾನ ಜಾಸ್ತಿ" ಅಂದರಂತೆ.

ಮೊದಲು ಮಣ್ಣಿನ ಪರೀಕ್ಷೆ. ಗಾಜಿನ ಬಾಟಲಿಗೆ ಮಣ್ಣು, ನೀರು ಹಾಕಿ ಚೆನ್ನಾಗಿ ಕುಲುಕಿ ಇಡಬೇಕು. ಮರಳು ನೋಡನೋಡುತ್ತಲೇ ತಳ ಸೇರುತ್ತದೆ. ಅದರ ಮೇಲೆ ಗೋಡು, ಅಂದರೆ ಮರಳಿಗಿಂತ ನುಣ್ಣನೆಯ ಮಣ್ಣು. ಜೇಡಿ ಇಳಿಯಲು ಮಾತ್ರ ಒಂದು ದಿನವಾದರೂ ಬೇಕು. ಪದರ ನೋಡಿ ಎಷ್ಟು ಮರಳು ಬೆರೆಸಬೇಕು ಅಂತ ಲೆಕ್ಕ ಹಾಕುವುದು. ಆ ಬಾಟಲಿಯನ್ನು ನಮ್ಮತ್ತೆ ತಿಕ್ಕಿ ತೊಳೆದು ಉಪ್ಪಿನಕಾಯಿ ತುಂಬಿಟ್ಟರು. "ಎಷ್ಟು ಗಲೀಜಾಗಿತ್ತಪ್ಪ!"

ಮೇಸ್ತ್ರಿಗೆ ಹೊಲದ ಎರೆ ಮಣ್ಣೇ ಬೇಕಿತ್ತು, ಚೆನ್ನಾಗಿ ಅಂಟುತ್ತದೆ ಅಂತ. ಅಂಟುವುದೇನೋ ನಿಜ. ಆದರೆ ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಾಯಿ ಬಿಡುತ್ತದೆ. ಬೇಸಿಗೆಯಲ್ಲಿ ಎರೆ ಹೊಲದ ಬಿರುಕಿಗೆ ಕಾಲು ಕೊಟ್ಟವರನ್ನು ಕೇಳಿ. ಹಾಗಾಗಿ ಕೆಂಪು ಮಣ್ಣು, ಅದರ ಮೂರು ಪಾಲು ಮರಳು, ಸಣ್ಣಗೆ ಕತ್ತರಿಸಿದ ಭತ್ತದ ಹುಲ್ಲು. ಅಡಿಯಲ್ಲಿ ನೆಲದ ತೇವ ಮೇಲೇರದಂತೆ ಜಲ್ಲಿ ಹಾಸಿ ದಮ್ಮಸು ಮಾಡಿದ್ದಾಯಿತು. ಮಣ್ಣು ಕಲೆಸುವಾಗ ಮೇಸ್ತ್ರಿ ನನ್ನನ್ನು ಪಕ್ಕಕ್ಕೆ ಕರೆದು ಪಿಸುಗುಟ್ಟಿದ: "ಸಾರ್, ಒಂದು ಮೂಟೆ ಸಿಮೆಂಟ್ ಸೇರಿಸಿಬಿಡೋಣ. ಯಾರಿಗೂ ಗೊತ್ತಾಗಲ್ಲ."

ಕರಣೆಯಲ್ಲಿ ನಯ ಮಾಡಿ ಮುಗಿಸಿದಾಗ ನೆಲ ನೋಡಲು ಬಲು ಚೆನ್ನಾಗಿತ್ತು. ಆಗ ಆಷಾಢ. ದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳನ್ನು ಸುಮ್ನೆ ನಿಲ್ಲಿಸಿಲ್ಲ. ಇಂಥ ಗಾಳಿಗೆ ನೆಲದ ಮೇಲ್ಮೈ ಬೇಗ ಒಣಗಿ, ಒಳಗೆ ಹಸಿಯೇ ಉಳಿದು ಬಿರುಕು ಬಿಡುತ್ತದೆ. ಕಿಟಕಿಗಳಿಗೆ ಗೋಣಿಚೀಲ ಕಟ್ಟಿದೆವು. ಚೀಲ ಕಟ್ಟಿದ ಮನೆ ಕಂಡರೆ ಯಾರಿಗೆ ತಾನೇ ಒಳಗೇನಿದೆ ಅಂತ ನೋಡುವ ಆಸೆಯಾಗಲ್ಲ?

ಬಂದವರೆಲ್ಲ ಬಾಗಿಲಲ್ಲೇ ಕುಕ್ಕರುಗಾಲಲ್ಲಿ ಕೂತು, ಹೆಬ್ಬೆರಳನ್ನು ನೆಲಕ್ಕೆ ಒತ್ತಿ, "ಇನ್ನೂ ಹಸಿ ಐತೆ" ಅನ್ನುತ್ತಿದ್ದರು. ಹಾಲಿನವನು ಒತ್ತಿದ. ಮೀಟರ್ ನೋಡಲು ಬಂದವನು ಒತ್ತಿದ. ಪಕ್ಕದ ಮನೆ ಅಜ್ಜಿ ಎರಡೂ ಹೆಬ್ಬೆರಳು ಒತ್ತಿ, "ಸಗಣಿ ಸಾರಿಸಿದ್ರೆ ಆಗ್ತಿರ್ಲಿಲ್ವೇನಪ್ಪಾ?" ಅಂದರು. ಆಗುತ್ತಿತ್ತು. ವಾರ ವಾರ ಸಾರಿಸುವವರು ಯಾರು ಅನ್ನುವುದಷ್ಟೇ ಪ್ರಶ್ನೆ. ನಮ್ಮ ಹೊಸ್ತಿಲ ಒಳಗಿನ ಒಂದು ಅಡಿ ಜಾಗ ನೋಂದಣಿ ಕಚೇರಿಯ ರಿಜಿಸ್ಟರ್ ಆಗಿಹೋಯಿತು.

ಪೂರ್ತಿ ಒಣಗಿದ ಮೇಲೆ ಅಗಸೆ ಎಣ್ಣೆ ಕುಡಿಸಬೇಕು, ಒಂದರ ಮೇಲೊಂದು ಕೋಟ್. "ಚಳ್ಳಕೆರೆಲಿ ಅಷ್ಟೊಂದು ಎಣ್ಣೆ ಮಿಲ್ ಇರುವಾಗ ಪೇಂಟ್ ಅಂಗಡಿಗೆ ಯಾಕೆ ದುಡ್ಡು ಸುರೀತೀರಿ?" ಅಂತ ಬಾಮೈದ ಒಂದು ಮೂಲೆಗೆ ಶೇಂಗಾ ಎಣ್ಣೆ ಬಳಿದ. ಅಗಸೆ ಎಣ್ಣೆ ಗಾಳಿ ತಾಗಿ ಗಟ್ಟಿಯಾಗುತ್ತದೆ, ಆಮೇಲೆ ನೀರು ಚೆಲ್ಲಿದರೂ ಒರೆಸಿಕೊಂಡರಾಯಿತು. ಶೇಂಗಾ ಎಣ್ಣೆ ಎಣ್ಣೆಯಾಗಿಯೇ ಉಳಿಯುತ್ತದೆ. ಆ ಮೂಲೆಗೆ ಮೊದಲು ಇರುವೆ ಬಂದವು, ಆಮೇಲೆ ನಾಯಿ ಬಂದು ನೆಕ್ಕಿತು. ಅಷ್ಟು ಭಾಗ ಅಗೆದು ಹೊಸ ಮಣ್ಣು ತುಂಬಿದ್ದಾಯಿತು.

ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬಾರದು. ಒಳಗೇ ಕಾವು ಏರಿ ತಾನಾಗಿಯೇ ಹೊತ್ತಿಕೊಳ್ಳಬಹುದು. ಹಾಗಾಗಿ ಬೇಲಿಯ ಮೇಲೆ ಒಂದೊಂದಾಗಿ ಹರಡಿದೆವು. ಹಳೇ ಸೀರೆ ಚೂರುಗಳು, ಎಣ್ಣೆ ಜಿಡ್ಡು, ಕೆಮ್ಮಣ್ಣು, ಅವತ್ತೇ ಅಮಾವಾಸ್ಯೆ ಬೇರೆ. ಮರುದಿನದಿಂದ ಹಾಲಿನವನು ಗೇಟಿನ ಆಚೆಯೇ ಕ್ಯಾನ್ ಇಟ್ಟು ಕೂಗತೊಡಗಿದ. ಜನ ಬರುವುದು ನಿಂತಿತು. ಇದು ಮೊದಲೇ ಹೊಳೆದಿದ್ದರೆ ಹೊಸ್ತಿಲ ಒಳಗೆ ಅಷ್ಟೊಂದು ಹೆಬ್ಬೆಟ್ಟು ಬೀಳುತ್ತಿರಲಿಲ್ಲ.

ಗೃಹಪ್ರವೇಶದ ದಿನ ಬಾಮೈದ ಕಬ್ಬಿಣದ ಮಂಚ ಎಳೆದುಕೊಂಡು ಬಂದ. ನಡುಮನೆಯಲ್ಲಿ ಉದ್ದಕ್ಕೆ ಗೀರು. ಎತ್ತಿಟ್ಟಿದ್ದ ಮಣ್ಣು ಕಲೆಸಿ ತುಂಬಿ, ಎಣ್ಣೆ ಬಳಿದೆ. ಗಟ್ಟಿಯಾಗಿದೆ, ಬಣ್ಣ ಮಾತ್ರ ಒಂಚೂರು ಬೇರೆ. ಈಗಲೂ ಬಂದಾಗಲೆಲ್ಲ ಅವನು ಸೋಫಾ ಬೇಡ ಅಂತ, ಚಾಪೆಯನ್ನು ಸರಿಯಾಗಿ ಆ ಗೀರಿನ ಮೇಲೇ ಹಾಸಿಕೊಂಡು ಕೂರುತ್ತಾನೆ. ಅಕ್ಕ ಮಿರ್ಚಿ ಮಂಡಕ್ಕಿಗೆ ಕರೆದರೂ ಏಳುವುದಿಲ್ಲ.