ಎಂಟು ತಂತಿ, ಒಂದು ಕುದುರೆ

ವಾದ್ಯದ ಅಂಗಡಿಗಳಲ್ಲಿ ಮ್ಯಾಂಡೊಲಿನ್‌ಗೆ ಒಂದು ಖಾಯಂ ಜಾಗ ಇರುತ್ತದೆ. ಗಿಟಾರುಗಳ ಸಾಲು ಮುಗಿದು ಯುಕುಲೇಲೆಗಳು ಶುರುವಾಗುವ ಕಡೆ, ಪೊರಕೆ ತಲುಪದ ಮೂಲೆ. ಎಂಟು ತಂತಿ ಇರಬೇಕಾದಲ್ಲಿ ಆರು ಇರುತ್ತವೆ. ಇಳಿಸಿ ಕೊಡಪ್ಪಾ ಎಂದರೆ ಅಂಗಡಿಯ ಹುಡುಗ ಅಂಗಿ ತೋಳಿನಿಂದ ಧೂಳು ಒರೆಸಿ, ಒಮ್ಮೆ ಬರ್ರೆಂದು ಎಳೆದು, "ಶ್ರುತಿ ಸ್ವಲ್ಪ ಇಳಿದಿದೆ ಸರ್, ಪೀಸ್ ಮಾತ್ರ ಸೂಪರ್" ಅನ್ನುತ್ತಾನೆ. ಸ್ವಲ್ಪ ಅಂದರೆ ಎಷ್ಟು ಎಂದು ಕೇಳಬಾರದು. ಅವನಿಗೂ ಗೊತ್ತಿಲ್ಲ, ಅದಕ್ಕೂ ಗೊತ್ತಿಲ್ಲ.

ಹತ್ತು ಸಾವಿರದೊಳಗಿನದು ಬಹುಪಾಲು ಪ್ಲೈವುಡ್ಡು. ಇನ್ನೊಂದು ತುದಿಯಲ್ಲಿ ಕಾರಿನ ಬೆಲೆಯವು ಇವೆ, ಅವುಗಳ ತಂಟೆ ನಮಗೆ ಬೇಡ. ನಡುವೆ, ಅಂದಾಜು 40ರಿಂದ 80 ಸಾವಿರದ ತನಕ ಇರುವುದೇ ಮಧ್ಯಮ ವರ್ಗದ ಮ್ಯಾಂಡೊಲಿನ್. ಅದಕ್ಕೆ ಮಧ್ಯಮ ವರ್ಗದ ಎಲ್ಲ ಸಂಕಟಗಳೂ ಇವೆ. ಮೇಲಿನವರ ಹಾಗೆ ಕಾಣಬೇಕು, ಖರ್ಚು ಮಾತ್ರ ಕೆಳಗಿನವರಷ್ಟೇ ಆಗಬೇಕು. ದುಡ್ಡು ಸೋರುವುದು ಈ "ಕಾಣುವ" ಕಡೆಯೇ.

ಸುರುಳಿಯ ವಿಷಯ ಮೊದಲು ಮುಗಿಸಿಬಿಡೋಣ. ಮ್ಯಾಂಡೊಲಿನ್‌ನಲ್ಲಿ ಮುಖ್ಯವಾಗಿ ಎರಡು ಆಕಾರ. ನೀರಿನ ಹನಿಯಂತಿರುವುದು ಎ. ಭುಜದ ಮೇಲೊಂದು ಸುರುಳಿ, ಸೊಂಟದ ಕಡೆ ಚೂಪು ಮೂಲೆಗಳಿರುವುದು ಎಫ್. ಅಮೆರಿಕದ ಮಿಶಿಗನ್‌ನ ಕಲಮಜೂ ಊರಿನಲ್ಲಿ ಗಿಬ್ಸನ್ ಕಂಪನಿ 1922ರಲ್ಲಿ ಲಾಯ್ಡ್ ಲೋರ್ ಎಂಬ ಕುಶಲಿಯ ಉಸ್ತುವಾರಿಯಲ್ಲಿ ಎಫ್-5 ಎಂಬುದನ್ನು ಹೊರತಂದಿತು. ಮುಂದೆ ಬಿಲ್ ಮನ್ರೋ ಎಂಬ ವಾದಕರು 1923ರ ಅಂಥದ್ದೊಂದನ್ನು ಎದೆಗಾನಿಸಿಕೊಂಡು ಬ್ಲೂಗ್ರಾಸ್ ಎಂಬ ಅಮೆರಿಕದ ಹಳ್ಳಿಗಾಡಿನ ಸಂಗೀತ ಶೈಲಿಯನ್ನೇ ಕಟ್ಟಿದರು. ಅಂದಿನಿಂದ ಮ್ಯಾಂಡೊಲಿನ್ ಅಂದರೆ ಸುರುಳಿ ಇರಲೇಬೇಕು ಎಂದಾಯಿತು. ವಾಸ್ತವ ಏನೆಂದರೆ ದನಿಗೆ ಆ ಸುರುಳಿಯಿಂದ ಆಗುವ ಲಾಭ ಅಷ್ಟಕ್ಕಷ್ಟೆ. ಅದರ ಖಚಿತ ಉಪಯೋಗ ಒಂದೇ: ಬೆಲ್ಟ್ ನೇತುಹಾಕುವುದು. ಕೆತ್ತಲು ಕೈಕೆಲಸ ಜಾಸ್ತಿ, ಹಾಗಾಗಿ ಅದೇ ಕಂಪನಿಯ ಅದೇ ದರ್ಜೆಯ ಎ ಮಾದರಿಗಿಂತ ಎಫ್ ಒಂದೂವರೆ ಪಟ್ಟು, ಕೆಲವೊಮ್ಮೆ ಅದಕ್ಕೂ ಹೆಚ್ಚು. ಅಂದರೆ ಬೆಲ್ಟಿನ ಗೂಟಕ್ಕೆ ಇಪ್ಪತ್ತು ಮೂವತ್ತು ಸಾವಿರ. ಎ ಮಾದರಿಯಲ್ಲಿ ದಂಡಿಯ (ಅಂದರೆ ಕುತ್ತಿಗೆಯ) ಬುಡಕ್ಕೊಂದು ಚರ್ಮದ ಲಾಡಿ ಕಟ್ಟಿಕೊಂಡರೆ ಕೆಲಸ ಆಯಿತು.

60 ಸಾವಿರ ಹಿಡಿದು ಹೋದವರಿಗೆ ಸಿಗುವುದು ಒಂದೋ ಒಳ್ಳೆಯ ಎ, ಇಲ್ಲ ಸಾಧಾರಣ ಎಫ್. ಕಣ್ಣು ಎಫ್ ಅನ್ನುತ್ತದೆ. ಕಿವಿಯ ಮಾತು ಕೇಳಿ.

ಮಾದರಿ ಸಂಖ್ಯೆಗಳೂ ಮಂತ್ರವೇನಲ್ಲ. ಈ ಬೆಲೆಯಲ್ಲಿ ಹೆಚ್ಚು ಕೇಳಿಬರುವ ಚೀನಾದ ಈಸ್ಟ್‌ಮನ್‌ ಕಂಪನಿಯ ಎಂಡಿ 305 ತೆಗೆದುಕೊಳ್ಳಿ. ಮೊದಲ ಅಂಕಿ ದರ್ಜೆ. ನಡುವಿನದು ಸೊನ್ನೆಯಾದರೆ ಎ, ಒಂದಾದರೆ ಎಫ್. ಕೊನೆಯದು ನಾಲ್ಕಾದರೆ ಮೊಟ್ಟೆಯಾಕಾರದ ತೂತು, ಐದಾದರೆ ಪಿಟೀಲಿನ ಹಾಗೆ ಎಫ್ ಅಕ್ಷರದ ಆಕಾರದ ಎರಡು ತೂತು. 305 ಮತ್ತು 315ರ ನಡುವಿನ ಆ ಒಂದು ಅಂಕಿಯೇ ಮೇಲೆ ಹೇಳಿದ ಗೂಟ. ಕೆಂಟಕಿ ಎಂಬ ಇನ್ನೊಂದು ಬ್ರಾಂಡ್ ಇದೆ. ಹೆಸರು ಅಮೆರಿಕದ್ದು, ಈಗ ತಯಾರಾಗುವುದು ಚೀನಾದಲ್ಲಿ. ಅದರ ಕೆಎಂ-150 ಪೂರ್ತಿ ಗಟ್ಟಿ ಮರದ್ದು, ಬಜೆಟ್ ಮಂದಿಯ ನೆಚ್ಚಿನದು. ಲೇಬಲ್ಲಿನ ಊರು ನೋಡಿ ಮೂಗು ಮುರಿಯುವ ಬದಲು ಮರ ನೋಡುವುದು ಲೇಸು.

ಮರ ಅಂದರೆ ಮೇಲುಹಲಗೆ. ದನಿ ಹುಟ್ಟುವುದು ಅಲ್ಲಿ. ಒಳ್ಳೆಯದರಲ್ಲಿ ಅದು ಸ್ಪ್ರೂಸ್ ಮರದ ಇಡೀ ಹಲಗೆಯನ್ನು ಪಿಟೀಲಿನ ಹಾಗೆ ಉಬ್ಬು ಬರುವಂತೆ ಕೆತ್ತಿದ್ದು. ಹಿಂಬದಿ ಮತ್ತು ಪಕ್ಕ ಮೇಪಲ್. ಕಡಿಮೆ ಬೆಲೆಯದರಲ್ಲಿ ಹಲಗೆಯನ್ನು ಬಿಸಿ ಅಚ್ಚಿನಲ್ಲಿ ಒತ್ತಿ ಉಬ್ಬಿಸಿರುತ್ತಾರೆ, ಹಪ್ಪಳ ಒತ್ತಿದ ಹಾಗೆ. ಜಾಹೀರಾತಿನ ಭಾಷೆ ಇಲ್ಲಿ ಬಲು ಸೂಕ್ಷ್ಮ. "ಆಲ್ ಸಾಲಿಡ್" ಎಂದರೆ ಎಲ್ಲವೂ ಗಟ್ಟಿ ಮರ. "ಸಾಲಿಡ್ ಟಾಪ್" ಎಂದರೆ ಮೇಲುಹಲಗೆ ಮಾತ್ರ, ಉಳಿದದ್ದು ಪ್ಲೈ. "ಸೆಲೆಕ್ಟ್ ಸ್ಪ್ರೂಸ್" ಎಂದಿದ್ದರೆ ಸಾಮಾನ್ಯವಾಗಿ ಪ್ಲೈವುಡ್ಡಿಗೇ ಇಟ್ಟ ಮುದ್ದಿನ ಹೆಸರು. "ಕಾರ್ವ್ಡ್" ಎಂಬ ಪದ ಇದ್ದರಷ್ಟೇ ಕೆತ್ತಿದ್ದು.

ಮಾತು ನಂಬದಿದ್ದರೆ ಮೊಬೈಲಿನ ಟಾರ್ಚ್ ಹಾಕಿ ಎಫ್ ತೂತಿನ ಅಂಚು ನೋಡಿ. ಮೇಲಿನ ಮರದ ಗೆರೆಗಳು ಅಂಚಿನ ದಪ್ಪದಲ್ಲೂ ಹಾಗೇ ಇಳಿದು ಹೋಗಿದ್ದರೆ ಇಡೀ ಮರ. ಒಬ್ಬಟ್ಟಿನ ಹಾಗೆ ಮೇಲೊಂದು ಪದರ, ನಡುವೆ ಹೂರಣ, ಕೆಳಗೊಂದು ಪದರ ಕಂಡರೆ ಪ್ಲೈ. ಅಂಚಿಗೆ ಪ್ಲಾಸ್ಟಿಕ್ ಪಟ್ಟಿ ಕಟ್ಟಿ ಮುಚ್ಚಿದ್ದರೆ ಕಾಣುವುದಿಲ್ಲ. ಆಗ ಕಂಪನಿಯ ವಿವರವೇ ಗತಿ. "ನುಡಿಸ್ತಾ ನುಡಿಸ್ತಾ ದನಿ ಬಿಡುತ್ತೆ ಸರ್" ಎಂಬ ಭರವಸೆ ಗಟ್ಟಿ ಮರದ ಬಗ್ಗೆ ಹೇಳಿದ್ದಾದರೆ ಕೇಳಿಸಿಕೊಳ್ಳಬಹುದು. ಪ್ಲೈವುಡ್ಡು ಹತ್ತು ವರ್ಷ ನುಡಿಸಿದರೂ ಪ್ಲೈವುಡ್ಡೇ.

ತೂತಿನ ಆಕಾರ ಮಾತ್ರ ರುಚಿಯ ವಿಷಯ. ಎಫ್ ತೂತಿನದು ಚಟ್ ಚಟ್ ಎಂದು ಕತ್ತರಿಸಿದ ಹಾಗೆ ಕೇಳುತ್ತದೆ. ಮೊಟ್ಟೆ ತೂತಿನದು ದುಂಡಗೆ ಮೊಳಗಿ ನಿಲ್ಲುತ್ತದೆ. ಇಟಲಿಯ ನೇಪಲ್ಸ್ ಕಡೆಯ ಹಳೆಯ ಮ್ಯಾಂಡೊಲಿನ್ ಅರ್ಧ ಕಲ್ಲಂಗಡಿಯ ಆಕಾರದ್ದು, ಹಳೇ ಸಾಮಾನಿನ ಅಂಗಡಿಯಲ್ಲಿ ಅಗ್ಗಕ್ಕೆ ಸಿಕ್ಕಿದರೂ ತಡೆಯಿರಿ. ತೊಡೆಯ ಮೇಲೆ ನಿಲ್ಲದೆ ಜಾರುತ್ತದೆ. ಅದಕ್ಕಿಂತ ದೊಡ್ಡ ತೊಂದರೆ, ಈಗಿನ ದಪ್ಪ ತಂತಿ ಬಿಗಿದರೆ ದಂಡಿ ಬಾಗುತ್ತದೆ, ಹಲಗೆ ಕುಸಿಯುತ್ತದೆ. ಅದಕ್ಕೆ 9ರಿಂದ (ದಪ್ಪದ ಲೆಕ್ಕ ಇದು, ಅಂಗುಲದ ಸಾವಿರದಲ್ಲಿ 9 ಭಾಗ) ಶುರುವಾಗುವ ತೆಳು ತಂತಿಯ ಸೆಟ್ಟೇ ಆಗಬೇಕು.

ಕರ್ನಾಟಕ ಸಂಗೀತ ನುಡಿಸುವುದಕ್ಕೆಂದೇ ಕೊಳ್ಳುವವರು ಇಷ್ಟು ಓದಿ ಅಮೆರಿಕದ ಮಾದರಿ ತಂದುಬಿಟ್ಟರೆ ಅದೇ ಮೊದಲ ಅನಾಹುತ. ಗಮಕಕ್ಕೆ ತಂತಿಯನ್ನು ಪಕ್ಕಕ್ಕೆ ಎಳೆಯಬೇಕು. ಇದರ ಎಂಟು ತಂತಿಗಳು ನಾಲ್ಕು ಜೋಡಿ, ದಪ್ಪದಿಂದ ತೆಳುವಿಗೆ ಜಿ, ಡಿ, ಎ, ಇ. ಜೋಡಿಯಲ್ಲಿ ಎರಡನ್ನೂ ಸಮಸಮ ಎಳೆಯಬೇಕು. ಒಂದು ಗಾಂಧಾರದಿಂದ ಮಧ್ಯಮಕ್ಕೆ ತಲುಪುವಷ್ಟರಲ್ಲಿ ಇನ್ನೊಂದು ಬಸ್ ತಪ್ಪಿಸಿಕೊಂಡಿರುತ್ತದೆ. ಆಂಧ್ರದ ಪಾಲಕೊಲ್ಲಿನಲ್ಲಿ 1969ರಲ್ಲಿ ಹುಟ್ಟಿ, ಈ ವಾದ್ಯಕ್ಕೆ ಕರ್ನಾಟಕ ಸಂಗೀತದಲ್ಲಿ ಮಣೆ ಹಾಕಿಸಿ 2014ರಲ್ಲಿ ತೀರಿಕೊಂಡ ಯು. ಶ್ರೀನಿವಾಸ್ ಹಿಡಿದದ್ದು ಒಂಟಿ ತಂತಿಗಳ ಎಲೆಕ್ಟ್ರಿಕ್ ಮ್ಯಾಂಡೊಲಿನ್. ಜೋಡಿ ಇಲ್ಲ, ಪೊಳ್ಳು ಬುರುಡೆಯೂ ಇಲ್ಲ. ಆ ದಾರಿಯವರು ಗುರುಗಳನ್ನು ಕೇಳಿ, ಮೆಟ್ಟಿಲು (ದಂಡಿಯ ಮೇಲಿನ ಲೋಹದ ಅಡ್ಡಪಟ್ಟಿ, ಫ್ರೆಟ್) ಎತ್ತರವಾಗಿರುವ ಗಟ್ಟಿ ಒಡಲಿನ ಐದು ತಂತಿಯದನ್ನು ಮಾಡಿಸಿಕೊಳ್ಳುವುದೇ ಸರಿ. ಅದು ಬಹಳ ಸಲ ಮೇಲಿನ ಬಜೆಟ್ಟಿಗಿಂತ ಕಡಿಮೆಯಲ್ಲೇ ಮುಗಿಯುತ್ತದೆ.

ಇನ್ನು ಕುದುರೆ. ವೀಣೆಯ ಹಾಗೆ ಇಲ್ಲೂ ತಂತಿ ಹೊರುವ ಮರದ ತುಂಡಿಗೆ ಕುದುರೆ ಅನ್ನೋಣ. ಗಿಟಾರಿನಲ್ಲಿ ಅದನ್ನು ಅಂಟಿಸಿರುತ್ತಾರೆ. ಮ್ಯಾಂಡೊಲಿನ್‌ನಲ್ಲಿ ಅಂಟಿಲ್ಲ, ಮೊಳೆಯಿಲ್ಲ. ಎಂಟು ತಂತಿ ಸೇರಿ ಸುಮಾರು 80 ಕೆ.ಜಿ. ಎಳೆಯುತ್ತವೆ, ಒಂದೂವರೆ ಮೂಟೆ ಅಕ್ಕಿಗಿಂತ ಚೂರು ಹೆಚ್ಚು. ಆ ಬಿಗಿಯ ಒತ್ತಡದಲ್ಲೇ ಕುದುರೆ ನಿಂತಿರುವುದು. ಹಾಗಾಗಿ ಕಾರ್ಖಾನೆಯಿಂದ ಹಡಗು, ಹಡಗಿನಿಂದ ಲಾರಿ, ಲಾರಿಯಿಂದ ಅಂಗಡಿ ಎಂದು ಬರುವ ಹೊತ್ತಿಗೆ ಅದು ತನಗೆ ತೋಚಿದ ಕಡೆ ನಿಂತಿರುತ್ತದೆ. ದಂಡಿಯ ತುದಿಯಿಂದ ಕುದುರೆಯ ತನಕ ತಂತಿಯ ಉದ್ದ ಸುಮಾರು 35 ಸೆಂ.ಮೀ. ಮಾತ್ರ. ಕುದುರೆ 1 ಮಿ.ಮೀ. ತಪ್ಪಿದರೆ ಗಿಟಾರಿನಲ್ಲಿ ಆಗುವ ಅಪಸ್ವರದ ಹೆಚ್ಚುಕಮ್ಮಿ ಎರಡರಷ್ಟು ಇಲ್ಲಿ ಆಗುತ್ತದೆ.

ಪರೀಕ್ಷೆ ಸುಲಭ. 12ನೇ ಮೆಟ್ಟಿಲಿನ ನೇರಕ್ಕೆ ತಂತಿಯನ್ನು ಹಗುರವಾಗಿ ಮುಟ್ಟಿ ಮೀಟಿದರೆ ಗಂಟೆಯಂಥ ದನಿ ಬರುತ್ತದೆ. ಆಮೇಲೆ ಅಲ್ಲೇ ಒತ್ತಿ ಮೀಟಿ. ಟ್ಯೂನರ್ ಎರಡಕ್ಕೂ ಒಂದೇ ತೋರಿಸಬೇಕು. ಒತ್ತಿದ ಸ್ವರ ಏರಿದ್ದರೆ ಕುದುರೆಯನ್ನು ತಂತಿಯ ತುದಿ ಸಿಕ್ಕಿಸಿರುವ ಬಾಲದ ಕಡೆ ಸರಿಸಿ, ಇಳಿದಿದ್ದರೆ ದಂಡಿಯ ಕಡೆ. ತಂತಿ ಸ್ವಲ್ಪ ಸಡಿಲಿಸಿ, ಕೂದಲೆಳೆಯಷ್ಟು ಸರಿಸಿ, ಮತ್ತೆ ಶ್ರುತಿ ಮಾಡಿ, ಮತ್ತೆ ಪರೀಕ್ಷೆ. ಇದು ಮುಗಿಯುವ ಹೊತ್ತಿಗೆ ಒಳಗಿನಿಂದ "ಇನ್ನೂ ಶುರು ಮಾಡಿಲ್ವೇನೋ?" ಎಂಬ ಪ್ರಶ್ನೆ ಎರಡು ಸಲ ಬಂದಿರುತ್ತದೆ.

ತಂತಿಯ ಎತ್ತರಕ್ಕೆ ಅಳತೆಗೋಲು ನಿಮ್ಮ ಪರ್ಸಿನಲ್ಲೇ ಇದೆ. ಉಬ್ಬು ಅಕ್ಷರ ಇಲ್ಲದ ಎಟಿಎಂ ಕಾರ್ಡಿನ ದಪ್ಪ 0.76 ಮಿ.ಮೀ. ಎರಡು ಕಾರ್ಡ್ ಜೋಡಿಸಿದರೆ ಒಂದೂವರೆ. 12ನೇ ಮೆಟ್ಟಿಲಿಗೂ ತೆಳುವಾದ ಇ ತಂತಿಗೂ ನಡುವೆ ಅವು ಸರಾಗ ನುಸುಳಿ ತಂತಿ ಮುಟ್ಟುವಂತಿದ್ದರೆ ಸರಿ. ದಪ್ಪ ಜಿ ತಂತಿಗೆ ಎರಡು ಮಿ.ಮೀ. ತನಕ ಇರಬಹುದು. ಮೂರು ಕಾರ್ಡಿಗೂ ಮೇಲೆ ಜಾಗ ಉಳಿದರೆ ಬೆರಳಿನ ತುದಿ ಒಂದು ವಾರದಲ್ಲಿ ರಾಜೀನಾಮೆ ಕೊಡುತ್ತದೆ. ಕುದುರೆಯ ಎರಡು ಕಡೆ ಇರುವ ಪುಟ್ಟ ಹಿತ್ತಾಳೆ ಚಕ್ರಗಳು ಎತ್ತರ ಹೊಂದಿಸುವುದಕ್ಕೇ ಇರುವುದು. ಆದರೆ ತಂತಿ ಸಡಿಲಿಸದೆ ಇಕ್ಕಳ ಹಾಕಿ ತಿರುಗಿಸಿದರೆ ಚಕ್ರದೊಳಗಿನ ತಿರುಪಿನ ಗೆರೆ ಸವೆದು ಕೂರುತ್ತದೆ.

ದಂಡಿಯ ತುದಿಯ ನಟ್, ಅಂದರೆ ತಂತಿಗಳು ಹಾದುಹೋಗುವ ಸೀಳುಗಳಿರುವ ಪಟ್ಟಿಯನ್ನೂ ನೋಡಬೇಕು. ಮೂರನೇ ಮೆಟ್ಟಿಲಿನ ಹಿಂದೆ ಒತ್ತಿ ಹಿಡಿದಾಗ ಒಂದನೇ ಮೆಟ್ಟಿಲಿನ ಮೇಲೆ ತಂತಿಗೂ ಲೋಹಕ್ಕೂ ಕಾಗದದಷ್ಟು ಮಾತ್ರ ಅಂತರ ಇರಬೇಕು. ಜಾಸ್ತಿ ಇದ್ದರೆ ಮೊದಲ ಮೆಟ್ಟಿಲಿನ ಸ್ವರಗಳೆಲ್ಲ ಏರಿ ಕೂರುತ್ತವೆ, ಎಷ್ಟು ಶ್ರುತಿ ಮಾಡಿದರೂ ಸರಿಯಾಗದು. ಕುದುರೆಯ ಪಾದದಡಿ ವಿಸಿಟಿಂಗ್ ಕಾರ್ಡಿನ ಮೂಲೆ ತೂರಿದರೆ ಪಾದ ಹಲಗೆಯ ಉಬ್ಬಿಗೆ ಕೂತಿಲ್ಲ, ದನಿ ಅರ್ಧ ಅಲ್ಲೇ ಸೋರುತ್ತಿದೆ. ಇವೆರಡೂ ಅರ ಮತ್ತು ಮರಳು ಕಾಗದದ ಕೆಲಸ, ತಿಳಿದವರ ಕೈಗೆ ಕೊಡಿ. 60 ಸಾವಿರ ಇದ್ದರೆ 50ಕ್ಕೆ ವಾದ್ಯ, ಉಳಿದದ್ದು ಈ ರಿಪೇರಿಗೆ, ಗಟ್ಟಿ ಪೆಟ್ಟಿಗೆಗೆ, ಎರಡು ಸೆಟ್ ತಂತಿಗೆ. ಎಲ್ಲ ದುಡ್ಡನ್ನೂ ವಾದ್ಯಕ್ಕೇ ಸುರಿದು ರೆಕ್ಸಿನ್ ಚೀಲದಲ್ಲಿ ಸ್ಕೂಟರಿನ ಕಾಲ ಬಳಿ ಇಟ್ಟು ತರುವವರೂ ಇದ್ದಾರೆ. ಮೀಟಲು ಗಿಟಾರಿನ ಅರ್ಧ ಮಿ.ಮೀ. ಪಿಕ್ ಬೇಡ, ಬೀಸಣಿಗೆ ಬೀಸಿದ ಹಾಗಿರುತ್ತದೆ. ಒಂದರಿಂದ ಒಂದೂವರೆ ಮಿ.ಮೀ. ದಪ್ಪದ್ದು ತನ್ನಿ. ಇಷ್ಟು ಕಡಿಮೆ ಖರ್ಚಿನಲ್ಲಿ ದನಿ ಇಷ್ಟು ಬದಲಾಗುವುದು ಬೇರೆ ಯಾವುದರಿಂದಲೂ ಇಲ್ಲ.

ಮನೆಗೆ ತಂದ ಮೊದಲ ಸಂಜೆಯ ಅವಘಡ ಎಲ್ಲ ಮನೆಗಳಲ್ಲೂ ಒಂದೇ. ನಟ್‌ನ ಹತ್ತಿರದಿಂದ ಎಣಿಸಿದರೆ ಎಡಗಡೆ ಜಿ, ಜಿ, ಡಿ, ಡಿ ಬಿರಡೆಗಳು, ಬಲಗಡೆ ಇ, ಇ, ಎ, ಎ. ಇ ಜೋಡಿಯ ಮೊದಲ ತಂತಿ ಮೀಟುತ್ತೀರಿ, ಬಿರಡೆ ತಿರುಗಿಸುತ್ತೀರಿ. ಟ್ಯೂನರಿನ ಮುಳ್ಳು ಅಲ್ಲಾಡುವುದಿಲ್ಲ. ಇನ್ನೊಂದು ಸುತ್ತು. ಮುಳ್ಳು ಅಲ್ಲೇ. ಮೊಬೈಲ್ ಹತ್ತಿರ ತಂದು, ಫ್ಯಾನ್ ಆರಿಸಿ, ಮತ್ತೆ ಅರ್ಧ ಸುತ್ತು. ಕೈಯಲ್ಲಿರುವುದು ಪಕ್ಕದ ತಂತಿಯ ಬಿರಡೆ. ಅದು ಪಾಪ ಇ ದಾಟಿ, ಎಫ್ ದಾಟಿ, ಜಿ ಕಡೆಗೆ ಹತ್ತುತ್ತಿರುತ್ತದೆ. ಟಪ್! ಒಬ್ಬಳ ತಪ್ಪಿಗೆ ಅವಳಿಯ ಕಿವಿ ಹಿಂಡಿದ ಹಾಗೆ. ಜೋಡಿಯಲ್ಲಿ ಒಂದನ್ನು ಬೆರಳಿನಿಂದ ಅದುಮಿ ಇನ್ನೊಂದನ್ನು ಮೀಟಿ. ಬಿರಡೆಯಿಂದ ತಂತಿ ಹೋಗುವ ದಾರಿಯನ್ನು ಕಣ್ಣಿನಿಂದಲೇ ಹಿಂಬಾಲಿಸಿ. ಯಾವಾಗಲೂ ಕೆಳಗಿನಿಂದ ಮೇಲಕ್ಕೆ ಶ್ರುತಿ ಮಾಡಿ. ನಟ್ ಬಳಿ "ಟಿಂಗ್" ಎಂದು ಜಿಗಿದರೆ ಅದರ ಸೀಳಿಗೆ ಪೆನ್ಸಿಲ್ ಸೀಸ ಉಜ್ಜಿ.

ಬದಲಿ ತಂತಿ ತರಲು ಹೋದರೆ ಗಿಟಾರಿನ ಮೊದಲ ತಂತಿ ಕೊಟ್ಟು ಕಳಿಸುವವರೇ ಹೆಚ್ಚು. ಅದರ ತುದಿಯಲ್ಲಿ ಗುಂಡಿ ಇರುತ್ತದೆ, ಇದಕ್ಕೆ ಬೇಕಾದ್ದು ಕುಣಿಕೆ. ಸಾಮಾನ್ಯ ಸೆಟ್ಟು 11-15-26-40, ಬೆರಳು ಎಳಸಾಗಿದ್ದರೆ 10-14-24-38.

ಗಟ್ಟಿ ಮರಕ್ಕೆ ಹವೆಯ ಮುನಿಸು ಜಾಸ್ತಿ. ಮಂಗಳೂರಿನ ಜುಲೈಯಲ್ಲಿ ಹಲಗೆ ನೀರು ಕುಡಿದು ಉಬ್ಬುತ್ತದೆ, ತಂತಿ ಮೇಲೇಳುತ್ತದೆ. ಕಲಬುರಗಿಯ ಏಪ್ರಿಲ್‌ನಲ್ಲಿ ಅದೇ ಹಲಗೆ ಒಣಗಿ ಕುಗ್ಗುತ್ತದೆ, ಮೆಟ್ಟಿಲಿನ ತುದಿಗಳು ದಂಡಿಯಿಂದ ಹೊರಬಂದು ಅಂಗೈ ಗೀರುತ್ತವೆ. ಚಿಕಾಗೋದ ಕನ್ನಡಿಗರ ಮನೆಯ ಹೀಟರ್ ಚಳಿಗಾಲದಲ್ಲಿ ಕಲಬುರಗಿಗಿಂತ ಕಡೆ. ತೇವಾಂಶ ಶೇ. 45ರಿಂದ 55ರ ನಡುವೆ ಇರಲಿ. ಒಣ ಊರಿಗೆ ತೂತು ಕೊರೆದ ಸೋಪಿನ ಡಬ್ಬಿಯಲ್ಲಿ ಒದ್ದೆ ಸ್ಪಂಜು, ಮಳೆಯೂರಿಗೆ ಸಿಲಿಕಾ ಜೆಲ್ ಪೊಟ್ಟಣ, ಎರಡೂ ಪೆಟ್ಟಿಗೆಯೊಳಗೆ. ಬಿಸಿಲಲ್ಲಿ ನಿಂತ ಕಾರಿನಲ್ಲಿ ಮಾತ್ರ ಬಿಡಬೇಡಿ, ಅಂಟು ಮೆತ್ತಗಾಗುತ್ತದೆ.

ತಂತಿ ಬದಲಿಸುವ ದಿನ ಒಂದೊಂದಾಗಿಯೇ ಬಿಚ್ಚಿ ಒಂದೊಂದಾಗಿಯೇ ಹಾಕಬೇಕು. ಎಂಟನ್ನೂ ಒಟ್ಟಿಗೆ ಬಿಚ್ಚಿ ಹಲಗೆ ಒರೆಸೋಣ ಎಂದು ಹೊರಟರೆ ಏಳನೆಯದು ಸಡಿಲವಾಗುವಾಗಲೇ ಕುದುರೆ ಕೆನೆಯುತ್ತದೆ, ಎಂಟನೆಯದಕ್ಕೆ ಓಡುತ್ತದೆ. ಒರೆಸಲೇಬೇಕಿದ್ದರೆ ಮೊದಲೇ ಪಾದದ ಸುತ್ತ ಕಾಗದದ ಟೇಪ್ ಅಂಟಿಸಿ ಗುರುತು ಮಾಡಿಕೊಳ್ಳಿ, ಯಾವ ಮುಖ ದಂಡಿಯ ಕಡೆ ಇತ್ತು ಎಂದು ಫೋಟೋ ತೆಗೆದಿಡಿ. ಮೇಲಿನ ಏಣು ಜೋಡಿಗೊಂದರಂತೆ ಹಿಂದೆ ಮುಂದೆ ಇರುತ್ತದೆ, ತಿರುಗಾಮುರುಗಾ ಇಟ್ಟರೆ ನಾಲ್ಕು ಜೋಡಿಯೂ ನಾಲ್ಕು ದಿಕ್ಕು ಹಿಡಿಯುತ್ತವೆ. ಬಿದ್ದೇ ಹೋದರೆ ಗಾಬರಿ ಬೇಡ. ಕುದುರೆ ಒಟ್ಟು ನಾಲ್ಕು ತುಂಡು: ಪಾದ, ಮೇಲಿನ ತಡಿ, ಎರಡು ಚಕ್ರ. ಮೂರು ವಾದ್ಯದ ಹತ್ತಿರವೇ ಸಿಗುತ್ತವೆ. ನಾಲ್ಕನೆಯದು ಸೋಫಾ ಕೆಳಗೆ ಇರುತ್ತದೆ, ಕಸ ಗುಡಿಸುವವರು ಬರುವ ಮುಂಚೆ ನೋಡಿ.