ಹುರಿಯದ ಬೀಜ

ಆಷಾಢದಲ್ಲಿ ಚಿಕ್ಕಮಗಳೂರಿನ ನಮ್ಮ ಮನೆಯ ಬೆಳಗಿನ ಮೊದಲ ಕೆಲಸ ಮಳೆಮಾಪಕದ ನೀರು ಅಳೆಯುವುದು. ಎರಡನೆಯದು ಕಾಫಿ. ಮೂರನೆಯದು, ಅಳೆದದ್ದನ್ನು ಕಂಪ್ಯೂಟರಿನ ಲಿಬ್ರೆಆಫೀಸ್ ಲೆಕ್ಕದ ಹಾಳೆಯಲ್ಲಿ ತುಂಬುವುದು: 1 ಇಂಚು 40 ಸೆಂಟು. ಅಪ್ಪ ಇದನ್ನೇ ಕೆಂಪು ರಟ್ಟಿನ ಲೆಕ್ಕದ ಪುಸ್ತಕದಲ್ಲಿ ಬರೆದಿಡುತ್ತಿದ್ದರು. ನನ್ನದು ಹಳೆಯ ಲ್ಯಾಪ್‌ಟಾಪು, ಅದರೊಳಗೆ ಉಬುಂಟು 24.04: ಕಂಪ್ಯೂಟರನ್ನು ನಡೆಸುವ ಲಿನಕ್ಸ್ ಎಂಬ ಪುಕ್ಕಟೆ ತಂತ್ರಾಂಶದ ಒಂದು ತಳಿ. ಅಂಕಿ ನೋಡಿ ಹೆದರಬೇಕಾಗಿಲ್ಲ. 2024ರ ನಾಲ್ಕನೆಯ ತಿಂಗಳಲ್ಲಿ ಬಂದ ಫಸಲು ಎಂದಷ್ಟೇ ಅರ್ಥ.

ಚಿಕ್ಕಪ್ಪನಿಗೆ ಮಾತ್ರ ಇದು ಸೇರುವುದಿಲ್ಲ. "ಪುಕ್ಕಟೆ ಕೊಡುತ್ತಾರೆ ಎಂದರೆ ಒಳಗೆ ಏನೋ ಹುಳುಕಿರಬೇಕು ಕಣೋ" ಎನ್ನುತ್ತಾರೆ. ಹೆಲ್ಸಿಂಕಿಯ ಲೀನಸ್ ಟೊರ್ವಾಲ್ಡ್ಸ್ ಎಂಬ ವಿದ್ಯಾರ್ಥಿ 1991ರಲ್ಲಿ ಹವ್ಯಾಸಕ್ಕೆಂದು ಶುರು ಮಾಡಿದ್ದು, ಈಗ ನಿಮ್ಮ ಆಂಡ್ರಾಯ್ಡ್ ಮೊಬೈಲಿನ ಹೊಟ್ಟೆಯಲ್ಲಿರುವುದೂ ಅದೇ ಲಿನಕ್ಸ್ ಎಂದೆ. ಅವರು ಮೊಬೈಲನ್ನು ಜೇಬಿನಿಂದ ತೆಗೆದು, ಸಾಲ ತೀರಿಸದ ನೆಂಟನನ್ನು ನೋಡುವಂತೆ ನೋಡಿ ಮತ್ತೆ ಒಳಗಿಟ್ಟರು.

ಇಂಗ್ಲಿಷಿನಲ್ಲಿ ಪುಕ್ಕಟೆಗೂ ಮುಕ್ತಕ್ಕೂ ಒಂದೇ ಪದ, ಫ್ರೀ. 1983ರಲ್ಲಿ ಮುಕ್ತ ತಂತ್ರಾಂಶ ಕಟ್ಟುವ ಗ್ನೂ ಯೋಜನೆಯನ್ನು ಘೋಷಿಸಿದ ರಿಚರ್ಡ್ ಸ್ಟಾಲ್‌ಮನ್ ಎರಡರ ವ್ಯತ್ಯಾಸವನ್ನು ಬಿಡಿಸಿ ಹೇಳುವುದರಲ್ಲೇ ಎಷ್ಟು ಉಸಿರು ಕಳೆದರೋ! ಕನ್ನಡದಲ್ಲಿ ಆ ತಾಪತ್ರಯವಿಲ್ಲ, ಎರಡು ಪದಗಳಿವೆ. ಆದರೆ ಚಿಕ್ಕಪ್ಪನ ಕಿವಿಗೆ ಬೀಳುವುದು ಮೊದಲನೆಯದೊಂದೇ.

ಇದು ಬಲು ಸುಖದ ಸಂಸಾರವೇನೂ ಅಲ್ಲ. ಪ್ರಿಂಟರ್ ಒಂದು ವಾರ ಸತಾಯಿಸಿತು, ಆ ಕಥೆ ಬೇಡ. ಆದೇಶಗಳನ್ನು ಅಕ್ಷರದಲ್ಲಿ ಬರೆದು ಕೊಡುವ ಟರ್ಮಿನಲ್ ಎಂಬ ಕಿಟಕಿಯಲ್ಲಿ ಮೊದಲ ಸಲ ಪಾಸ್‌ವರ್ಡ್ ಕೇಳಿದಾಗ ಅಕ್ಷರ ಒತ್ತಿದೆ. ಪರದೆಯ ಮೇಲೆ ಒಂದು ಚುಕ್ಕಿಯೂ ಮೂಡಲಿಲ್ಲ. ಮಳೆಗಾಲದ ಥಂಡಿಗೆ ಕೀಲಿಮಣೆ ಕೆಟ್ಟಿತೆಂದು ಪಂಚೆಯ ತುದಿಯಿಂದ ಒರೆಸಿದೆ, ಮಗುಚಿ ಕೊಡವಿದೆ. ಎರಡು ಅವರೆಕಾಳಿನ ಸಿಪ್ಪೆ ಬಿದ್ದವು. ಅದರ ಪದ್ಧತಿಯೇ ಹಾಗೆಂದು ತಿಳಿದದ್ದು ಆಮೇಲೆ: ಎಷ್ಟು ಅಕ್ಷರ ಒತ್ತಿದೆವೆಂಬುದೂ ಪಕ್ಕದವನಿಗೆ ತಿಳಿಯಬಾರದಂತೆ. ದೇವಸ್ಥಾನದ ಹುಂಡಿಯ ಹಾಗೆ, ಹಾಕಿ ಸುಮ್ಮನಿರಬೇಕು. ಕನ್ನಡ ಬರೆಯುವುದಕ್ಕೆ ಮಾತ್ರ ಪರದಾಡಲಿಲ್ಲ. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ ಇದರಲ್ಲೂ ಸಿಗುತ್ತದೆ. ಎಫ್ ಒತ್ತಿ ಒತ್ತಕ್ಷರ ಮೂಡಿಸುವ ಬೆರಳಿನ ಅಭ್ಯಾಸ ಹಾಗೆಯೇ ಉಳಿಯಿತು.

ಚಿಕ್ಕಪ್ಪನ ಬಾಯಿ ಮುಚ್ಚಿಸಲು ಕೊನೆಗೆ ಬಾಬಾಬುಡನ್ ಅವರನ್ನೇ ಕರೆಯಬೇಕಾಯಿತು. ಅವರು ಯೆಮನ್‌ನಿಂದ ಏಳು ಕಾಫಿ ಬೀಜ ತಂದು ಇಲ್ಲಿನ ಗಿರಿಯಲ್ಲಿ ಬಿತ್ತಿದ ಐತಿಹ್ಯ ನಮ್ಮೂರಿನಲ್ಲಿ ಯಾರಿಗೆ ಗೊತ್ತಿಲ್ಲ? ಅರಬರು ಹುರಿದ, ಬೇಯಿಸಿದ ಬೀಜವನ್ನಷ್ಟೇ ಹೊರಗೆ ಬಿಡುತ್ತಿದ್ದರಂತೆ. "ಹುರಿದ ಬೀಜ ಕುಡಿಯುವುದಕ್ಕಾಯಿತು, ಬಿತ್ತುವುದಕ್ಕಲ್ಲ. ಈ ಲಿನಕ್ಸಿನವರು ಹಸಿಬೀಜವನ್ನೇ ಕೊಡುತ್ತಾರೆ ಚಿಕ್ಕಪ್ಪ. ಪ್ರೋಗ್ರಾಮಿನ ಮೂಲವನ್ನೇ ಬಿಚ್ಚಿಟ್ಟಿದ್ದಾರೆ. ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು" ಎಂದೆ.

ಚಿಕ್ಕಪ್ಪ ಎಲೆಯಡಿಕೆಯನ್ನು ದವಡೆಯಿಂದ ದವಡೆಗೆ ಸರಿಸಿದರು. "ಸರಿ. ನೀನು ಬಿತ್ತಿದ್ದೀಯಾ?"

ಇಲ್ಲ. ಒಂದು ಸಾಲು ಪ್ರೋಗ್ರಾಮನ್ನೂ ಬರೆದವನಲ್ಲ ನಾನು. ಯಾರೋ ಬೆಳೆದ ತೋಟದ ನೆರಳಿನಲ್ಲಿ ಕೂತು ಲೋಟ ಹಿಡಿದವನು. ಪರದೆಯ ಮೇಲಿನ ಒಂದು ಆಯ್ಕೆಪಟ್ಟಿಯ ಕನ್ನಡ ಅನುವಾದದಲ್ಲಿ ಕಾಗುಣಿತ ತಪ್ಪಿದ್ದನ್ನು ತೋರಿಸಿ ಬರೆದು ಕಳುಹಿಸಿದ್ದೆ, ಒಪ್ಪಿಕೊಂಡರು. ಅದನ್ನು ಹೇಳೋಣವೆಂದುಕೊಂಡೆ. ಒಂದು ದೀರ್ಘಕ್ಕೆ ಅಷ್ಟು ಜಂಬವೇಕೆಂದು ಸುಮ್ಮನಾದೆ.

ಮೊನ್ನೆ ಕರೆಂಟು ಹೋದ ಸಂಜೆ ಬಾಗಿಲು ಬಡಿದ ಸದ್ದು. ಚಿಕ್ಕಪ್ಪ, ಕಂಬಳಿಕೊಪ್ಪೆಯಿಂದ ನೀರು ಸುರಿಸುತ್ತ ನಿಂತಿದ್ದರು. ಕಂಕುಳಲ್ಲಿ ಗೊಬ್ಬರದ ಚೀಲದಲ್ಲಿ ಸುತ್ತಿದ ಅವರ ಲ್ಯಾಪ್‌ಟಾಪು. ಆನ್ ಮಾಡಿ ತೋಟ ಸುತ್ತಿ ಬಂದರೂ ತೆರೆದುಕೊಳ್ಳದಷ್ಟು ನಿಧಾನವಾಗಿತ್ತು ಅದು.

"ಇದಕ್ಕೂ ಆ ಹಸಿಬೀಜ ಹಾಕು" ಎಂದರು. ಜಗಲಿಯಲ್ಲಿ ಕಾಲು ಒರೆಸಿಕೊಂಡು, ದನಿ ತಗ್ಗಿಸಿ, "ಪುಕ್ಕಟೆ ತಾನೆ?"