ಕೇರ್ ಆಫ್

ಆಶ್ವಯುಜದ ಹುಣ್ಣಿಮೆ ಕಳೆದ ಮೊದಲ ಗುರುವಾರ ಹಾಸನಾಂಬೆಯ ಬಾಗಿಲು ತೆಗೀತಾರೆ. ಅಲ್ಲಿಂದ ಬಾಗಿಲು ಹಾಕೋವರೆಗೂ ನಮ್ಮೂರಿನ ಫುಟ್‌ಪಾತ್ ಮೇಲೆ ಮಲಗಿದವರೆಲ್ಲ ಭಕ್ತರೇ. ಯಾರೂ ಎಬ್ಬಿಸಲ್ಲ, ಕೆಲವರು ಪುಳಿಯೋಗರೆ ಪೊಟ್ಟಣ ಇಟ್ಟೂ ಹೋಗ್ತಾರೆ. ಬಲಿಪಾಡ್ಯಮಿ ಕಳೆದ ಮೇಲೂ ಅಲ್ಲೇ ಮಲಗಿದ್ದವನು ಮಾತ್ರ ಕುಡುಕ, ಇಲ್ಲಾ ಕಳ್ಳ.

ಎರಡು ವರ್ಷದ ಹಿಂದೆ ಹಾಗೆ ಉಳಿದುಹೋದ ಹುಡುಗನೊಬ್ಬ ನನ್ನ ಜೆರಾಕ್ಸ್ ಅಂಗಡಿ ಕಟ್ಟೆ ಮೇಲೆ ಮಲಗ್ತಿದ್ದ. 19 ವರ್ಷ. ಇವತ್ತು ಉದ್ದಕ್ಕೆ ಬರೀತಿದ್ದೀನಿ, ಆದ್ರೆ ಮೊದಲ ಮೂರು ದಿನ ನಾನು ಮಾಡಿದ್ದೇನು ಗೊತ್ತಾ? ಶಟರ್ ಎಳೆಯೋ ಮುಂಚೆ ಎರಡು ಬಕೆಟ್ ನೀರು ಸುರಿದೆ, ಕಟ್ಟೆ ರಾತ್ರಿ ಒಣಗಬಾರದು ಅಂತ. ನಾಲ್ಕನೇ ದಿನ ಬಂದು ನೋಡಿದ್ರೆ ನಾನೇ ಬಿಸಾಡಿದ್ದ ಪೇಪರ್ ಬಂಡಲ್‌ನ ರಟ್ಟು ಬಿಚ್ಚಿ ಹಾಸ್ಕೊಂಡು ಮಲಗಿದ್ದಾನೆ. ಪಕ್ಕದ ಹೂವಿನಜ್ಜಿ, "ಎಬ್ಬಿಸ್ಬೇಡ ಕಣಪ್ಪ, ಜಾವದಿಂದ ಕೆಮ್ತಾನೇ ಇತ್ತು ಮಗ" ಅಂದ್ರು. ಅವತ್ತಿಂದ ನೀರು ಹಾಕಲಿಲ್ಲ.

ಸಕಲೇಶಪುರದ ಕಡೆಯವನು. ಅಪ್ಪ ಕಾಫಿ ತೋಟದಲ್ಲಿ ಆಳು. ಲೈನ್ ಮನೆ ಅಂದ್ರೆ ನಮ್ಮ ಕಡೆಯವರಿಗೆ ಗೊತ್ತು, ಕೆಲಸ ಇರೋ ತನಕ ಮನೆ. ಅಮ್ಮ ಮೊದಲೇ ಇರಲಿಲ್ಲ. ಅಪ್ಪ ತೀರ್ಕೊಂಡ ಮೇಲೆ ಆ ಮನೆಗೆ ಬೇರೆ ಆಳುಗಳು ಬಂದ್ರು. ಬಿತ್ತನೆ ಆಲೂಗಡ್ಡೆ ಪಂಜಾಬಿಂದ ಲಾರಿಗಟ್ಟಲೆ ಬರೋ ಹೊತ್ತಿಗೆ ಹಾಸನಕ್ಕೆ ಬಂದು ಎಪಿಎಂಸಿಯಲ್ಲಿ ಮೂಟೆ ಇಳಿಸಿದ್ದ. ಬಿತ್ತನೆ ಮುಗೀತು, ಕೆಲಸವೂ ಮುಗೀತು.

"ಕೈಕಾಲು ಗಟ್ಟಿಯಿದೆ, ದುಡಿದು ತಿನ್ನೋಕೇನು ರೋಗ?" ಅನ್ನೋರಿದ್ದಾರೆ. ಅಣ್ಣಂದಿರಾ, ನಮ್ಮೂರಲ್ಲಿ ಕೆಲಸ ಕೇಳ್ಕೊಂಡು ಹೋದವನಿಗೆ ಮೊದಲ ಪ್ರಶ್ನೆ 'ಏನು ಕೆಲಸ ಬರುತ್ತೆ' ಅಲ್ಲ. 'ಯಾವೂರು? ಯಾರ ಕಡೆಯವನು?' ಅಂತಾರೆ. ಇವನು ಹೋದ ಮೂರು ಹೋಟೆಲ್‌ನಲ್ಲೂ ಅದೇ ಕೇಳಿದ್ರು. ಯಾರ ಕಡೆಯವನೂ ಅಲ್ಲ ಅಂತ ಹೇಳೋದಾದ್ರೂ ಹೇಗೆ?

ಸರ್ಕಾರದ ಲೆಕ್ಕಕ್ಕೂ ಸಿಗಲ್ಲ. 18 ದಾಟಿದ್ರಿಂದ ಬಾಲಮಂದಿರ ಇಲ್ಲ. ಯುವನಿಧಿಯ 3,000 ಡಿಗ್ರಿಯವರಿಗೆ, 1,500 ಡಿಪ್ಲೊಮಾದವರಿಗೆ. ಇವನು ಎಸ್ಸೆಸ್ಸೆಲ್ಸಿ ಫೇಲು. ಅನ್ನಭಾಗ್ಯಕ್ಕೆ ಕಾರ್ಡ್ ಬೇಕು, ಕಾರ್ಡಿಗೆ ವಿಳಾಸ ಬೇಕು. ಆಧಾರ್ ಇತ್ತು, ಅದರಲ್ಲಿರೋದು ಲೈನ್ ಮನೆ ವಿಳಾಸ, ಜೋಡಿಸಿರೋದು ಅಪ್ಪನ ಸತ್ತುಹೋದ ಸಿಮ್. ಒಟಿಪಿ ಎಲ್ಲಿಗೆ ಬರಬೇಕು? ಫಾರ್ಮ್ ತುಂಬೋದೇ ನನ್ನ ಹೊಟ್ಟೆಪಾಡಾದ್ದರಿಂದ ಗೊತ್ತು, ದಾರಿಗಳೇನೋ ಇವೆ. ನಂಬರ್ ಬದಲಿಸೋಕೆ ಕಾಗದ ಬೇಡ, ಬೆರಳು ಕೊಟ್ರೆ ಸಾಕು. ಮನೆ ಇಲ್ಲದವನೂ ವೋಟರ್ ಲಿಸ್ಟಿಗೆ ಸೇರಬಹುದು; ಅವನು ಹೇಳಿದ ಜಾಗದಲ್ಲೇ ಮಲಗ್ತಾನಾ ಅಂತ ಬಿಎಲ್‌ಒ, ಅಂದ್ರೆ ಮತಗಟ್ಟೆ ಅಧಿಕಾರಿ, ರಾತ್ರಿ ಬಂದು ನೋಡಬೇಕು. ಆ ನಿಯಮ ಬರೆದ ಪುಣ್ಯಾತ್ಮ ಯಾರೋ! ಆದ್ರೆ ಇಷ್ಟೆಲ್ಲಾ ಓಡಾಡೋಕೂ ಜೊತೆಗೊಬ್ಬರು ಬೇಕು.

ಬೆಂಗಳೂರಿನ ಅಯ್ಯಂಗಾರ್ ಬೇಕರಿಗಳ ಬೇರು ನಮ್ಮ ಜಿಲ್ಲೆ ಅಂತ ಎದೆಯುಬ್ಬಿಸಿ ಹೇಳ್ತೀವಲ್ಲ, ಅದು ಬೆಳೆದಿದ್ದು ಹೇಗೆ? ಊರಿಂದ ಭಾವನ ಮಗ ಬರ್ತಾನೆ. ಅಂಗಡಿ ಅಟ್ಟದಲ್ಲಿ ಮಲಗ್ತಾನೆ. ಮೊದಲು ಟ್ರೇ ಉಜ್ಜೋದು, ಆಮೇಲೆ ಹಿಟ್ಟು, ಆಮೇಲೆ ಒಲೆ, ಕೆಲವು ವರ್ಷಕ್ಕೆ ಸ್ವಂತ ಅಂಗಡಿ. ಅವನಿಗೂ ಆ ಊರಲ್ಲಿ ಮನೆ ಇರಲಿಲ್ಲ, ಆದ್ರೆ ಯಾರೂ ಅವನನ್ನ ನಿರ್ಗತಿಕ ಅನ್ನಲಿಲ್ಲ. ಮಾವ ಇದ್ದ ನೋಡಿ. ನಮಗೆ ಕೈಹಿಡಿದು ಮೇಲೆತ್ತೋದು ಗೊತ್ತಿಲ್ಲ ಅಂತಲ್ಲ, ನಮ್ಮವರನ್ನ ಮಾತ್ರ ಎತ್ತಿ ಅಭ್ಯಾಸ. ಉಳಿದವರಿಗೆ ಭಾನುವಾರ ಬಿರಿಯಾನಿ ಪೊಟ್ಟಣ, ಜೊತೆಗೊಂದು ಸೆಲ್ಫಿ.

ನಮ್ಮ ಬೀದಿಯ ಬೇಕರಿ ಯಜಮಾನ್ರಿಗೆ ಆಳು ಬೇಕಿತ್ತು. ಹುಡುಗನ ವಿಷಯ ಎತ್ತಿದಾಗ ಅವರು ಕೇಳಿದ್ದು ಒಂದೇ ಮಾತು, "ಇವನ ಪರವಾಗಿ ನೀನು ಹೇಳ್ತೀಯಾ?" ಹೇಳ್ತೀನಿ ಅನ್ನೋಕೆ ನಾನು ಎರಡು ದಿನ ತಗೊಂಡೆ.

ಬೆಳಗಿನ ಜಾವ ನಾಲ್ಕಕ್ಕೆ ಕೆಲಸ. ಧನುರ್ಮಾಸದ ಚಳಿಯಲ್ಲಿ ಹಾಸನದಲ್ಲಿ ಆ ಹೊತ್ತಿಗೆ ಬೆಚ್ಚಗಿರೋ ಜಾಗ ಅಂದ್ರೆ ಬೇಕರಿ ಒಲೆ ಒಂದೇ. ಖಾರಾ ಬನ್ನಿಗೆ ಹಸಿಮೆಣಸು ಕೊಚ್ಚಿದ ಕೈಯಲ್ಲಿ ಕಣ್ಣು ಉಜ್ಕೊಂಡು ಮೊದಲ ವಾರವೆಲ್ಲ ಅಳ್ತಾ ಇದ್ದ ಅಂತ ಉಳಿದ ಹುಡುಗರು ನಗ್ತಿದ್ರು. ಡಾಕ್ಟರಿಗೂ ತೋರಿಸಿದ್ವಿ, ಆದ್ರೆ ಕೆಮ್ಮು ಹೋಗಿದ್ದು ಒಲೆಯಿಂದ ಅಂತ ಅಜ್ಜಿ ವಾದ.

ಮೊದಲ ಸಂಬಳ ಕೈಗೆ ಬಂದ ದಿನ ಹುಡುಗ ನಾಪತ್ತೆ. "ನಾವು ಹೇಳಿರ್ಲಿಲ್ವಾ?" ಅಂತ ಇಡೀ ಬೀದಿ. ನಾನೂ ತಲೆ ತಗ್ಗಿಸ್ಕೊಂಡು ಓಡಾಡಿದೆ. ನಾಲ್ಕನೇ ರಾತ್ರಿ ತಲೆ ಮೇಲೆ ತಗಡಿನ ಟ್ರಂಕ್ ಹೊತ್ಕೊಂಡು ಬಂದ. ತೋಟದ ಪಕ್ಕದ ಮನೆಯವರ ಹತ್ರ ಬಿಟ್ಟಿದ್ದಂತೆ, ಒಳಗೆ ಅಪ್ಪನ ಫೋಟೊ, ಕಂಬಳಿ, ಮಾರ್ಕ್ಸ್ ಕಾರ್ಡು. ಯಜಮಾನ್ರು ಒಂದು ಸಲ ಟ್ರಂಕ್ ನೋಡಿದ್ರು. "ಹೇಳಿ ಹೋಗೋಕಾಗಲ್ವೇನೋ? ಕೈ ತೊಳ್ಕೊ, ಹಿಟ್ಟು ಉಬ್ಬಿದೆ."

ಈಗ ಒಲೆ ಅವನದೇ. ಅವನ ಫೋಟೊ, ಹೆಸರು ಕೇಳಬೇಡಿ, ಹಾಕಲ್ಲ.

ಹೋದ ತಿಂಗಳು ಆಧಾರ್ ವಿಳಾಸ ಬದಲಿಸೋಕೆ ಕೂತ್ವಿ. ಗೆಜೆಟೆಡ್ ಅಧಿಕಾರಿಯೊಬ್ಬರು ಸಹಿ ಹಾಕೋಕೆ ಒಪ್ಪಿದ್ರು. ಫಾರ್ಮಿನಲ್ಲಿ ಮನೆ ನಂಬರಿಗಿಂತ ಮೊದಲು 'ಕೇರ್ ಆಫ್' ಅಂತ ಒಂದು ಜಾಗ ಇರುತ್ತೆ. ಯಾರ ಹೆಸರು ಬರೀಲೋ ಅಂದೆ. ಹುಡುಗ ನೆಲ ನೋಡ್ತಾ ನಿಂತ. ಒಳಗಿಂದ ಯಜಮಾನ್ರು ಮೈದಾ ಕೈಯಲ್ಲೇ ಬಂದ್ರು.

"ನಂದೇ ಹಾಕು. ಸ್ಪೆಲ್ಲಿಂಗ್ ನೋಡ್ಕೊಂಡು ಬರಿ ಮಾರಾಯ, ಹೋದ ಸಲ ನನ್ನ ಪ್ಯಾನ್ ಕಾರ್ಡಲ್ಲಿ ಹಾಳು ಮಾಡಿದ್ದೆ."